ಜಿಪ್ಪಕ್ಕನ ಕಂತು ಕೇಳುವವರೇ ಇಲ್ಲ

ಸಾಲ ಕೊಟ್ಟವನು ಕಂತು ಕೇಳಲು ಮರೆತರೆ ಸಾಲ ತೀರಿದ ಹಾಗಲ್ಲ. ಇದು ನಿಮಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಮುಖ ಮಾಡಿಕೊಂಡು ಓಡಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಾಲದ ಕಂಪನಿಗೆ ಮರೆವು ಬಂತು ಅಂದರೆ ಅದು ನಿದ್ದೆ ಹೋಗಿದೆ ಅಂತ ಅರ್ಥ. ಎದ್ದ ದಿನ ಅಷ್ಟೂ ತಿಂಗಳ ಹಸಿವು ಒಟ್ಟಿಗೆ ಎದ್ದಿರುತ್ತದೆ. ತಾನು ಮಲಗಿದ್ದಕ್ಕೂ ನಿಮ್ಮ ಹತ್ತಿರವೇ ದಂಡ ಕೇಳುತ್ತದೆ.

ಆ ಬಾಯಿಗೆ ತನ್ನ ಹೊಲಿಗೆ ಮಿಷಿನ್ನು ಬೀಳದಂತೆ ಕಾದುಕೊಂಡ ಒಬ್ಬ ಹೆಂಗಸು ನಮ್ಮ ಬೀದಿಯಲ್ಲಿದ್ದಾಳೆ. ಹೆತ್ತವರು ಇಟ್ಟ ಹೆಸರು ಬೇರೆ ಇದ್ದೀತು. ಬೀದಿ ಇಟ್ಟ ಹೆಸರು ಜಿಪ್ಪಕ್ಕ.

ಜಿಪ್ಪಕ್ಕನ ಅಂಗಡಿ ಎರಡು ಅಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮೇಲೆ ಯಾರಾದರೂ ಮೆಟ್ಟಿಲು ಇಳಿದರೆ ಕೆಳಗೆ ಕೂತವರ ತಲೆಗೆ ಸುಣ್ಣದ ಪುಡಿ ಉದುರುತ್ತದೆ. ಗೋಡೆಯಿಂದ ಗೋಡೆಗೆ ಒಂದು ಹಗ್ಗ, ಹಗ್ಗದ ತುಂಬ ಹ್ಯಾಂಗರು, ಹ್ಯಾಂಗರಿನ ತುಂಬ ಕೋಟು, ಪ್ಯಾಂಟು, ಸ್ಕೂಲ್ ಬ್ಯಾಗು. ಬಾಗಿಲಲ್ಲಿ ಒಂದು ಬೋರ್ಡು: “ಎಲ್ಲ ತರಹದ ಜಿಪ್ ರಿಪೇರಿ ಮಾಡಲಾಗುವುದು. ಮೂರು ತಿಂಗಳೊಳಗೆ ಒಯ್ಯದ ಬಟ್ಟೆಗೆ ನಾವು ಜವಾಬ್ದಾರರಲ್ಲ.” ಈ ಎರಡನೇ ಸಾಲು ಶುದ್ಧ ಸುಳ್ಳು. ಅವಳು ಯಾರ ಬಟ್ಟೆಯನ್ನೂ ಬಿಸಾಡಿದವಳಲ್ಲ. ಆರು ವರ್ಷದ ಹಿಂದೆ ಕೊಟ್ಟುಹೋದ ಒಂದು ಮಗುವಿನ ಸ್ವೆಟರು ಇನ್ನೂ ಆ ಹಗ್ಗದಲ್ಲೇ ಇದೆ. ಮಗುವಿಗೆ ಈಗ ಮೀಸೆ ಮೂಡಿರಬೇಕು.

ಜಿಪ್ಪು ಕೆಟ್ಟಿತೆಂದು ಬ್ಯಾಗನ್ನೇ ಎಸೆಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. “ಹತ್ತರಲ್ಲಿ ಒಂಬತ್ತು ಸಲ ಜಿಪ್ಪು ಸರಿ ಇರುತ್ತೆ ಕಣ್ರೀ. ಮೇಲೆ ಕೆಳಗೆ ಓಡೋ ರನ್ನರು ಸಡಿಲ ಆಗಿರುತ್ತೆ ಅಷ್ಟೇ. ಇಕ್ಕಳದಲ್ಲಿ ಒಂದು ಒತ್ತು ಒತ್ತಿದ್ರೆ ಮುಗೀತು,” ಅನ್ನುತ್ತಾಳೆ. ಒತ್ತಿ ಕೊಟ್ಟದ್ದಕ್ಕೆ ಅವಳು ತೆಗೆದುಕೊಳ್ಳುವ ಕೂಲಿ ಕೇಳಿದರೆ ನಾಚಿಕೆಯಾಗಬೇಕು, ಅವಳಿಗಲ್ಲ, ನಮಗೆ.

ಬಾಗಿಲ ಪಕ್ಕದ ಸ್ಟೂಲಿನಲ್ಲಿ ಅವಳ ಅತ್ತೆ ಕೂತು ಗುಂಡಿ ಹಾಕುತ್ತಾರೆ. ಎಪ್ಪತ್ತು ದಾಟಿದೆ, ಕನ್ನಡಕ ಇಲ್ಲ. ಸೂಜಿಗಿಂತ ನಾಲಿಗೆ ಚೂಪು. ಗಂಡ ಆಸ್ಪತ್ರೆಯಲ್ಲಿ ಲಿಫ್ಟು ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಹೋಗಿ ಬಂದು ಮನೆಯಲ್ಲಿ ಇದ್ದಲ್ಲೇ ಇರುವ ಮನುಷ್ಯ. ಮಾತು ಕಡಿಮೆ. ಹಾಗಾಗಿ ಈ ಕಥೆಯಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ.

ಜಿಪ್ಪಕ್ಕನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಬಟ್ಟೆ ಬಂದ ಕೂಡಲೇ ಜೇಬು ನೋಡುತ್ತಾಳೆ. ಸಿಕ್ಕಿದ್ದನ್ನೆಲ್ಲ ಒಂದು ಕಾಗದದ ಕವರಿಗೆ ಹಾಕಿ, ಬಾಯಿ ಅಂಟಿಸಿ, ಪಿನ್ನು ಹಾಕಿ ಆ ಬಟ್ಟೆಗೇ ಸಿಕ್ಕಿಸುತ್ತಾಳೆ. ಏನೇನು ಸಿಕ್ಕಿತು ಎಂದು ‘ಜೇಬಿನ ಪುಸ್ತಕ’ದಲ್ಲಿ ತಾರೀಕು ಹಾಕಿ ಬರೆಯುತ್ತಾಳೆ. ಚಿಲ್ಲರೆ ಇದ್ದರೆ ಎಣಿಸುತ್ತಾಳೆ. ಕಾಗದ ಇದ್ದರೆ ಮಾತ್ರ ಬಿಚ್ಚುವುದಿಲ್ಲ, ಓದುವುದಿಲ್ಲ.

ಒಂದು ಸಲ ಓದಿದ್ದಳು. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬರ ಕೋಟಿನಲ್ಲಿ ಸಿಕ್ಕ ಕಾಗದ ಬಿಚ್ಚಿ ನೋಡಿದಳು. ಕೋಟು ಒಯ್ಯಲು ಹೆಂಡತಿ ಬಂದಾಗ, “ಅಯ್ಯೋ, ನಿಮ್ಮ ಯಜಮಾನ್ರು ಕೆಲಸ ಬಿಟ್ರಂತಲ್ಲ, ಪಾಪ,” ಅಂದುಬಿಟ್ಟಳು. ಹೆಂಡತಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಮನುಷ್ಯ ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಅದೇ ಕೋಟು ಹಾಕಿಕೊಂಡು ಆಫೀಸಿಗೆ ಹೊರಟಂತೆ ಹೊರಟು, ಬಸ್ ನಿಲ್ದಾಣದಲ್ಲಿ ಕೂತು ಬರುತ್ತಿದ್ದ. ಆಮೇಲೊಂದು ದಿನ ಅಂಗಡಿ ಮುಂದೆ ಹಾದುಹೋಗುವಾಗ ಜಿಪ್ಪಕ್ಕನನ್ನು ನೋಡಿದ. ಬರೀ ನೋಡಿದ. ಅವತ್ತಿನಿಂದ ಯಾರ ಜೇಬಿನ ಕಾಗದವನ್ನೂ ಬಿಚ್ಚುವುದಿಲ್ಲವೆಂದು ಅವಳು ತನ್ನ ಮಿಷಿನ್ನಿನ ಮೇಲೆ ಆಣೆ ಇಟ್ಟುಕೊಂಡಳು.

ಆ ಹಳೇ ಮಿಷಿನ್ನು ತೆಳು ಬಟ್ಟೆಗಷ್ಟೇ ಆಗುತ್ತಿತ್ತು. ಚರ್ಮದ ಬ್ಯಾಗು, ದಪ್ಪ ಕ್ಯಾನ್ವಾಸು ಬಂದರೆ ಕೈಯಲ್ಲೇ ಹೊಲಿಯಬೇಕು. ಬೆರಳೆಲ್ಲ ತೂತು. ಕೊನೆಗೆ ಒಂದು ಕಂಪನಿಯಿಂದ ಸಾಲ ತೆಗೆದು ದೊಡ್ಡ ಮಿಷಿನ್ನು ತಂದಳು. ಇಳಿಸಲು ನಾಲ್ಕು ಜನ ಬೇಕಾದರು. ಅದು ಬಂದ ಮೇಲೆ ಎರಡು ಶಾಲೆಗಳ ಬ್ಯಾಗಿನ ಕೆಲಸ ಸಿಕ್ಕಿತು, ಮನೆ ನಡೆಯಿತು. ಸಾಲದ ಪತ್ರದಲ್ಲಿ ಒಂದು ಷರತ್ತು: ಮೂರು ಕಂತು ತಪ್ಪಿದರೆ ಕಂಪನಿ ಮಿಷಿನ್ನು ಎತ್ತಿಕೊಂಡು ಹೋಗಬಹುದು. ಆ ಸಾಲನ್ನು ಅವಳು ಓದಿದ್ದಳು. ಅದು ಜೇಬಿನ ಕಾಗದವಲ್ಲವಲ್ಲ.

ಮೊದಲ ಎಂಟು ತಿಂಗಳು ಕಂತು ತೆಗೆದುಕೊಳ್ಳಲು ಕಂಪನಿಯ ಹುಡುಗ ಹೆಗಲಿಗೆ ಕಪ್ಪು ಬ್ಯಾಗು ಹಾಕಿಕೊಂಡು ಬೈಕಿನಲ್ಲಿ ಬರುತ್ತಿದ್ದ. ಹುಡುಗ ಅಂದರೆ ಮೂವತ್ತು ದಾಟಿದವನೇ. ಅತ್ತೆ ಅವನಿಗೆ ಕಂತಣ್ಣ ಎಂದು ಹೆಸರಿಟ್ಟಿದ್ದರು. ಐದನೇ ತಾರೀಕು ಬಂತು ಅಂದರೆ ಕಂತಣ್ಣ ಬಂದ ಅಂತಲೇ ಲೆಕ್ಕ. ಒಂಬತ್ತನೇ ತಿಂಗಳು ಒಂದು ಫಾರ್ಮು ಹಿಡಿದು ಬಂದ.

“ಅಕ್ಕ, ಇನ್ಮೇಲೆ ನಾನು ಬರೋ ಹಾಗಿಲ್ಲ. ಈ ತಿಂಗಳಿಂದಾನೇ ದುಡ್ಡು ನಿಮ್ಮ ಬ್ಯಾಂಕಿಂದ ತಾನಾಗೇ ಹೋಗುತ್ತೆ. ಇಲ್ಲೊಂದು ಸೈನ್ ಹಾಕಿ. ಇಲ್ಲೊಂದು. ಇಲ್ಲೂ ಒಂದು.”

“ತಾನಾಗೇ ಹೋಗೋದಕ್ಕೆ ಇಷ್ಟೊಂದು ಸೈನ್ ಯಾಕಪ್ಪಾ?” ಅಂದರು ಅತ್ತೆ.

“ಅಜ್ಜಿ, ತಾನಾಗೇ ಹೋಗಬೇಕು ಅಂದ್ರೆ ಅನುಮತಿ ಬೇಕಲ್ಲ.”

“ನನ್ನ ಮಗ ದಿನಾ ಬೆಳಿಗ್ಗೆ ತಾನಾಗೇ ಹೋಗ್ತಾನೆ. ಒಂದು ಸೈನೂ ಕೇಳಲ್ಲ.”

ಜಿಪ್ಪಕ್ಕ ಮೂರೂ ಕಡೆ ಸಹಿ ಹಾಕಿ ಕೊಟ್ಟು, ನೂಲು ಕತ್ತರಿಸಲು ತಲೆ ಬಗ್ಗಿಸಿದಳು. ಕಂತಣ್ಣ ಫಾರ್ಮು ಮಡಿಸಿ ಇಟ್ಟುಕೊಂಡ. ಹೊರಡುವಾಗ ಜರ್ಕಿನ್ನಿನ ಜಿಪ್ಪು ಎಳೆದರೆ ರನ್ನರು ಕಿತ್ತು ಕೈಗೆ ಬಂತು.

“ಅಯ್ಯೋ ಅಕ್ಕ, ಇಲ್ಲಿಗೆ ಬಂದಾಗಲೇ ಹೀಗಾಗಬೇಕಾ?”

“ಬೇರೆ ಕಡೆ ಆಗಿದ್ರೆ ನನಗೇನು ಲಾಭ? ಬಿಚ್ಚಿ ಇಟ್ಟು ಹೋಗಿ.”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆಫೀಸಿನ ಕರೆ. ಜರ್ಕಿನ್ನು ಬಿಚ್ಚಿ ಸ್ಟೂಲಿನ ಮೇಲೆ ಹಾಕಿ, “ನಾಳೆ ಬರ್ತೀನಿ ಅಕ್ಕ!” ಎಂದು ಓಡಿದ.

ನಾಳೆ ಬರಲಿಲ್ಲ. ಆ ವಾರವೇ ಅವನನ್ನು ದೂರದ ಊರಿನ ಶಾಖೆಗೆ ಹಾಕಿದರು. ಜೇಬಿನ ಪುಸ್ತಕದಲ್ಲಿ ಅವತ್ತಿನ ತಾರೀಕಿನ ಎದುರು ಹೀಗಿದೆ: “ಕಂತಣ್ಣನ ಜರ್ಕಿನ್. ಒಳಜೇಬು: ಬಾಚಣಿಗೆ ಒಂದು, ಕೆಮ್ಮಿನ ಮಿಠಾಯಿ ಎರಡು, ಮಡಿಸಿದ ಕಾಗದ ಒಂದು.”

ಬುದ್ಧಿವಂತರಾದ ನೀವು ಈಗಾಗಲೇ ನಗುತ್ತಿದ್ದೀರಿ. ನಗಿ. ಆ ಫಾರ್ಮು ಅವನ ಕಪ್ಪು ಬ್ಯಾಗಿಗೆ ಹೋಯಿತೆಂದು ಜಿಪ್ಪಕ್ಕ ನಂಬಿದ್ದಳು. ಆಫೀಸಿಗೆ ಕೊಟ್ಟಾಯಿತೆಂದು ಕಂತಣ್ಣ ನಂಬಿದ್ದ. ಫಾರ್ಮು ಬಂದಿಲ್ಲವೆಂದು ಕಂಪ್ಯೂಟರು ಅವಳ ಸಾಲವನ್ನು ಯಾರೂ ತೆರೆಯದ ಒಂದು ಪಟ್ಟಿಗೆ ತಳ್ಳಿ ಸುಮ್ಮನಾಯಿತು. ಸಾಲದ ಜುಟ್ಟು ಜಿಪ್ಪಕ್ಕನ ತಲೆಯ ಮೇಲೆಯೇ, ಅವಳ ಹಗ್ಗದಲ್ಲೇ ತೂಗಾಡುತ್ತಿತ್ತು.

ಐದನೇ ತಾರೀಕು ಬಂತು, ಹೋಯಿತು. ಬ್ಯಾಂಕಿನಲ್ಲಿ ದುಡ್ಡು ಹಾಗೇ ಇತ್ತು. ಮುಂದಿನ ತಿಂಗಳ ಐದೂ ಹಾಗೇ ಹೋಯಿತು.

“ಅತ್ತೆ, ಎರಡು ತಿಂಗಳ ಕಂತು ಹೋಗೇ ಇಲ್ಲ.”

“ಮೆಲ್ಲಗೆ ಮಾತಾಡು. ಯಾರಾದ್ರೂ ಕೇಳಿಸಿಕೊಂಡಾರು.”

“ಮೂರಾದ್ರೆ ಮಿಷಿನ್ ಎತ್ತಿಕೊಂಡು ಹೋಗ್ತಾರೆ.”

“ಮರೆತವರು ಮಿಷಿನ್ ಎತ್ತೋದನ್ನ ಮಾತ್ರ ನೆನಪಿಟ್ಟುಕೊಂಡಿರ್ತಾರಾ? ಸುಮ್ನಿರು. ಒಂದು ಫ್ರಿಜ್ ತಗೊಳ್ಳೋಣ.”

ಪಕ್ಕದ ಅಂಗಡಿಯವನು ಬೀಗದಣ್ಣ. ಕಳೆದುಹೋದ ಕೀಲಿ ಮಾಡಿಕೊಡುವವನು. ಗೋಡೆಯಾಚೆಯಿಂದಲೇ ಕೂಗಿದ: “ಅಕ್ಕೋ, ನನಗೆ ಎಲ್ಲಾ ಕೇಳಿಸ್ತು! ಅಜ್ಜಿ ಹೇಳೋದು ಸರಿ. ಬಾಗಿಲು ತೆರೆದು ಬಿಟ್ಟಿದ್ದು ಅವರು. ನೀವ್ಯಾಕೆ ಹೋಗಿ ಬೆಲ್ ಮಾಡ್ತೀರಾ?”

“ನಿನ್ನ ಹತ್ತಿರ ಕೀಲಿ ಮಾಡಿಸೋಕೆ ಕೊಟ್ಟೋರು ಮರೆತು ಹೋದ್ರೆ ನೀನು ಅವರ ಮನೆ ಬಾಗಿಲು ತೆಗೀತೀಯಾ?” ಅಂದಳು ಜಿಪ್ಪಕ್ಕ.

ಬೀಗದಣ್ಣ ಅರ ಹಿಡಿದು ಗೋಡೆಯಾಚೆ ಒಂದು ಕೀಲಿಯನ್ನು ಜೋರಾಗಿ ಉಜ್ಜತೊಡಗಿದ.

ಜಿಪ್ಪಕ್ಕನನ್ನು ನಾನು ದೇವತೆ ಮಾಡಲು ಹೊರಟಿಲ್ಲ. ಮೊದಲೆರಡು ಕಂತನ್ನು ಬ್ಯಾಂಕಿನಿಂದ ತೆಗೆದು ಒಂದು ಟೀ ಪುಡಿ ಡಬ್ಬದಲ್ಲಿ ಇಟ್ಟಿದ್ದಳು. ಸಗಟು ಅಂಗಡಿಯಲ್ಲಿ ಜಿಪ್ಪು ಅಗ್ಗಕ್ಕೆ ಬಂತು ಎಂದು ಆ ಡಬ್ಬಕ್ಕೇ ಕೈ ಹಾಕಿದಳು. ವಾಪಸು ತುಂಬಿಸಲು ಹದಿನೈದು ದಿನ ಹೆಣಗಿದಳು. “ಡಬ್ಬಕ್ಕೆ ನಾಲಿಗೆ ಇದೆ. ಬಾ ಬಾ ಅಂತ ಕರೆಯುತ್ತೆ,” ಎಂದು ಹೇಳಿ ಆ ಸಾಲಕ್ಕೆಂದೇ ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆದಳು. ಪ್ರತಿ ಐದನೇ ತಾರೀಕು ಕಂತಿನ ದುಡ್ಡು ಅಲ್ಲಿಗೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿಗೆ ಪಿನ್ನು ಹಾಕಿ ಹಗ್ಗಕ್ಕೆ ಸಿಕ್ಕಿಸಿದಳು. ಬೇರೆಯವರ ಜೇಬಿನಲ್ಲಿ ಸಿಕ್ಕ ದುಡ್ಡು ಇರಬೇಕಾದ ಜಾಗ ಅದೇ ಎಂಬುದು ಅವಳ ನ್ಯಾಯ.

ಆಮೇಲೆ ಕಂಪನಿಯ ಶಾಖೆಗೆ ಹೋದಳು. ಮೂರು ಬೀದಿ ಆಚೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಟೋಕನ್ನು. ಕೌಂಟರಿನಲ್ಲಿ ಒಬ್ಬ ಮೇಡಂ.

“ನಿಮ್ಮದು ಏನೂ ಬಾಕಿ ತೋರಿಸ್ತಿಲ್ಲಮ್ಮ.”

“ಹಾಗಾದ್ರೆ ಸಾಲ ತೀರಿತು ಅಂತ ಬರೆದುಕೊಡಿ.”

“ತೀರಿಲ್ಲವಲ್ಲ, ಹೇಗೆ ಕೊಡೋದು?”

“ಹಾಗಾದ್ರೆ ದುಡ್ಡು ತಗೊಳ್ಳಿ.”

“ಬಾಕಿ ಇಲ್ಲದೆ ಹೇಗೆ ತಗೊಳ್ಳೋದು?”

“ಬಾಕಿ ಇಲ್ಲ, ತೀರಿಯೂ ಇಲ್ಲ. ಮತ್ತೆ ಈಗ ನನ್ನ ಸಾಲ ಎಲ್ಲಿದೆ ಮೇಡಂ? ಬಸ್ ಸ್ಟಾಪಲ್ಲಿ ಕೂತಿದೆಯಾ?”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಮೇಡಂ ನಗಲಿಲ್ಲ. “ಸಿಸ್ಟಮ್ ಪ್ರಾಬ್ಲಮ್ ಇರಬೇಕು. ಅದೇ ಸರಿ ಹೋಗುತ್ತೆ. ನಾವೇ ಫೋನ್ ಮಾಡ್ತೀವಿ,” ಅಂದರು.

ಫೋನು ಬರಲಿಲ್ಲ. ನೀವು ಒಂದು ದಿನ ತಡ ಮಾಡಿ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಉಣ್ಣುವಾಗ, ಸಂಜೆ ಮಗುವಿನ ಪಾಠದ ಹೊತ್ತಿಗೆ, ಮೂರು ಹೊತ್ತೂ ಫೋನು. ನೀವು ಕೊಡುತ್ತೇನೆ ಎಂದು ಬಾಗಿಲಲ್ಲಿ ನಿಂತರೆ ಸಿಸ್ಟಮ್ ಪ್ರಾಬ್ಲಮ್. ನಮ್ಮ ತಪ್ಪಿಗೆ ಹೆಸರು ಇದೆ, ವಿಳಾಸ ಇದೆ, ದಂಡ ಇದೆ. ಅವರ ತಪ್ಪಿಗೆ ಸಿಸ್ಟಮ್ ಎಂಬ ಒಂದೇ ಹೆಸರು. ಆ ಸಿಸ್ಟಮ್ ಅನ್ನುವವನ ಮನೆಗೆ ಯಾರೂ ವಸೂಲಿಗೆ ಹೋದದ್ದಿಲ್ಲ.

ಕಂತು ನಿಂತ ನಾಲ್ಕನೇ ತಿಂಗಳು ಜಿಪ್ಪಕ್ಕ ಕಾಗದ ಬರೆದಳು. ಎರಡು ಪ್ರತಿ. “ನನ್ನ ಸಾಲದ ನಂಬರು ಇದು. ಇಷ್ಟು ಕಂತು ನೀವು ತೆಗೆದುಕೊಂಡಿಲ್ಲ. ದುಡ್ಡು ನನ್ನ ಹತ್ತಿರ ರೆಡಿ ಇದೆ. ಹೇಗೆ ಕಟ್ಟಬೇಕು ತಿಳಿಸಿ. ನಿಮ್ಮ ತಡಕ್ಕೆ ನಾನು ದಂಡ ಕೊಡುವುದಿಲ್ಲ.” ಇಷ್ಟೇ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಕೊಡಿ ಅಂದಳು.

“ಸೀಲು ಡ್ರಾಯರಲ್ಲಿದೆ. ಮ್ಯಾನೇಜರ್ ಇಲ್ಲ. ನಾಳೆ ಬನ್ನಿ,” ಅಂದರು ಮೇಡಂ. ಹಾಗೆನ್ನುತ್ತಾ ತಮ್ಮ ವ್ಯಾನಿಟಿ ಬ್ಯಾಗಿನ ಜಿಪ್ಪನ್ನು ಎಳೆದಾಡುತ್ತಿದ್ದರು. ಅರ್ಧಕ್ಕೆ ಸಿಕ್ಕಿಕೊಂಡಿತ್ತು.

ಜಿಪ್ಪಕ್ಕನ ಕೈ ತಡೆಯಲಿಲ್ಲ. “ಕೊಡಿ ಇಲ್ಲಿ. ಎಳೀಬೇಡಿ, ಹಲ್ಲು ಹೋಗುತ್ತೆ.” ಸೊಂಟದ ಚೀಲದಿಂದ ಮೇಣದಬತ್ತಿಯ ತುಂಡು ತೆಗೆದು ಎರಡು ಸಲ ಉಜ್ಜಿದಳು, ಸಿಕ್ಕಿಕೊಂಡ ಬಟ್ಟೆಯ ಎಳೆಯನ್ನು ಪಿನ್ನಿನಿಂದ ಬಿಡಿಸಿದಳು. ರನ್ನರು ಸರ್ರನೆ ಓಡಿತು.

ಮೇಡಂ ಕಣ್ಣರಳಿಸಿದರು. “ಎಷ್ಟಾಯ್ತಮ್ಮ?”

“ಒಂದು ಸೀಲು.”

ಡ್ರಾಯರಿಗೆ ಬೀಗವೇ ಇರಲಿಲ್ಲ. ಸೀಲು ಬಿತ್ತು, ತಾರೀಕು ಬಿತ್ತು. ಏಳನೇ ತಿಂಗಳು ಇನ್ನೊಂದು ಕಾಗದ, ಹತ್ತನೇ ತಿಂಗಳು ಮತ್ತೊಂದು. ಮೂರಕ್ಕೂ ಸೀಲು. ಮೂರನ್ನೂ ಕಂಪನಿ ಒಂದು ಫೈಲಿಗೆ ಸೇರಿಸಿ ಮೇಲಿನ ಶೆಲ್ಫಿನಲ್ಲಿ ಇಟ್ಟಿತು. ಜಿಪ್ಪಕ್ಕ ಆಣೆ ಹಾಕಿಕೊಂಡಿದ್ದರಿಂದ ಕಾಗದ ಓದುತ್ತಿರಲಿಲ್ಲ. ಇವರು ಕಾಗದ ಓದುವುದಕ್ಕೆಂದೇ ಸಂಬಳ ತೆಗೆದುಕೊಂಡು ಓದುತ್ತಿರಲಿಲ್ಲ.

ಹನ್ನೊಂದನೇ ಐದೂ ಹೋಯಿತು. ಆ ತಿಂಗಳ ಕೊನೆಗೆ ಕಂಪನಿಗೆ ಎಚ್ಚರವಾಯಿತು. ಯಾರೋ ಹೊಸಬರು ಆ ಪಟ್ಟಿ ತೆರೆದರಂತೆ. ಜಿಪ್ಪಕ್ಕನಿಗೆ ನೋಟೀಸು ಬಂತು. ಹನ್ನೊಂದು ಕಂತು. ಹನ್ನೊಂದಕ್ಕೂ ದಂಡ. ದಂಡಕ್ಕೆ ಬಡ್ಡಿ. ನೆನಪಿನ ಪತ್ರ ಕಳಿಸಿದ್ದಕ್ಕೆ ಖರ್ಚು, ಅವರು ಒಂದು ಪತ್ರವನ್ನೂ ಕಳಿಸಿರಲಿಲ್ಲ. ಏಳು ದಿನದಲ್ಲಿ ಎಲ್ಲ ಕಟ್ಟದಿದ್ದರೆ ಮಿಷಿನ್ನು ಜಪ್ತಿ. ಪಾಸ್‌ಬುಕ್ಕಿನಲ್ಲಿ ಕಂತಿನ ದುಡ್ಡು ಪೂರ್ತಿ ಇತ್ತು. ದಂಡ, ಬಡ್ಡಿ, ಖರ್ಚು ಸೇರಿಸಿದರೆ ಇನ್ನೂ ಅದರ ಅರ್ಧದಷ್ಟು ಬೇಕು. ಅದನ್ನು ತರಬೇಕಾದರೆ ಆ ಮಿಷಿನ್ನನ್ನೇ ಮಾರಬೇಕು.

ಐದನೇ ದಿನ ಇಬ್ಬರು ಬಂದರು. ಮಿಷಿನ್ನನ್ನು ಸುತ್ತಿ ನೋಡಿದರು. ಒಬ್ಬ ಮೇಜಿನ ಮೇಲಿದ್ದ ಟೇಪು ತೆಗೆದುಕೊಂಡು ಬಾಗಿಲು ಅಳೆದ, ಮಿಷಿನ್ನು ಅಳೆದ.

ಫ್ರಿಜ್ಜಿನ ಕನಸು ಕಂಡಿದ್ದ ಅತ್ತೆ ಎದ್ದು ನಿಂತರು. “ಏನಪ್ಪಾ, ನಮ್ಮ ಟೇಪಲ್ಲಿ ನಮ್ಮ ಮಿಷಿನ್ನೇ ಅಳೀತೀಯಾ? ನಾಳೆ ನಮ್ಮ ಕತ್ತರೀಲಿ ನಮ್ಮ ಕತ್ತೂ ಕೊಯ್ತೀಯಾ? ಇಡು ಕೆಳಗೆ!”

“ಅಜ್ಜಿ, ನಮ್ಮ ಕೆಲಸ ಅದು.”

“ಕೆಲಸಕ್ಕೆ ಬರೋನು ಟೇಪು ತರಬೇಕು. ಹೋಗು, ತಗೊಂಡು ಬಾ.”

ಅವನು ಟೇಪು ಇಟ್ಟು ಗೇಣು ಹಾಕಿ ಅಳೆದ. ಜಿಪ್ಪಕ್ಕ ಮಿಷಿನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

ಆರನೇ ದಿನ ಬೆಳಿಗ್ಗೆ ಮೂರು ಸೀಲಿನ ಕಾಗದ, ಪಾಸ್‌ಬುಕ್ಕು ಹಿಡಿದು ಮ್ಯಾನೇಜರ ಎದುರು ಕೂತಳು. ಮ್ಯಾನೇಜರು ಒಳ್ಳೆಯವನೇ. ಒಳ್ಳೆಯವರಿಂದಲೇ ನಮಗೆ ಹೆಚ್ಚು ತೊಂದರೆ, ಬೈಯಲೂ ಆಗುವುದಿಲ್ಲ.

“ಪತ್ರ ಕೊಟ್ಟಿದ್ದೀರಿ ಅಮ್ಮ, ಒಪ್ಪಿದೆ. ಆದ್ರೆ ಬ್ಯಾಂಕ್ ಫಾರ್ಮ್ ನೀವು ಕೊಟ್ಟೇ ಇಲ್ಲ ಅಂತಿದೆ. ಫಾರ್ಮ್ ಕೊಡದೆ ಇದ್ರೆ ತಪ್ಪು ನಿಮ್ಮದಾಗುತ್ತೆ. ದಂಡ ನಾನು ತೆಗೆಯೋಕಾಗಲ್ಲ.”

“ಮೂರು ಸೈನ್ ಹಾಕಿ ಕೊಟ್ಟಿದ್ದೀನಿ. ನಿಮ್ಮ ಕಂತಣ್ಣನ ಕೈಗೆ.”

“ಯಾರಮ್ಮ ಕಂತಣ್ಣ?”

ಯಾರೆಂದು ತಿಳಿದ ಮೇಲೆ ಮ್ಯಾನೇಜರು ಆ ದೂರದ ಶಾಖೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಕಂತಣ್ಣ ತಡವರಿಸಿದ. “ಸರ್, ಆವತ್ತು ಫಾರ್ಮ್ ತಗೊಂಡೆ. ಆಫೀಸಿಗೆ ಕೊಟ್ಟೆ ಅನ್ಸುತ್ತೆ. ಕೊಟ್ಟಿರ್ತೀನಿ ಸರ್. ಟ್ರಾನ್ಸ್‌ಫರ್ ಗಡಿಬಿಡಿ...” ಆಮೇಲೆ ದನಿ ಬದಲಾಯಿತು. “ಅಕ್ಕ ಅಲ್ಲೇ ಇದ್ದಾರಾ? ಅಕ್ಕ, ನನ್ನ ಜರ್ಕಿನ್ ಇನ್ನೂ ಇದೆಯಾ? ಇಲ್ಲಿ ಸಿಕ್ಕಾಪಟ್ಟೆ ಚಳಿ.”

ಜಿಪ್ಪಕ್ಕನಿಗೆ ‘ಮಡಿಸಿದ ಕಾಗದ ಒಂದು’ ಎಂದು ತನ್ನ ಕೈಯಲ್ಲೇ ಬರೆದದ್ದು ಕಣ್ಣ ಮುಂದೆ ಬಂತು.

“ಸರ್,” ಅಂದಳು, “ಫಾರ್ಮು ಎಲ್ಲಿದೆ ಅಂತ ಗೊತ್ತಾಯ್ತು. ನನ್ನ ತಲೆ ಮೇಲೆ.”

ಮ್ಯಾನೇಜರು ಅವಳ ತಲೆಯನ್ನೇ ನೋಡಿದ.

ಇಬ್ಬರೂ ಅಂಗಡಿಗೆ ಬಂದರು. ಜರ್ಕಿನ್ನು ಹಗ್ಗದಲ್ಲಿತ್ತು, ಹೊಸ ರನ್ನರು ಹೊಳೆಯುತ್ತಿತ್ತು. ಎದೆಗೆ ಪಿನ್ನು ಹಾಕಿದ ಕವರು.

“ಬಿಚ್ಚಿ ನೋಡಿಬಿಡೋಣ,” ಅಂದ ಮ್ಯಾನೇಜರು.

“ಅದು ನನ್ನದಲ್ಲ.”

“ಅಮ್ಮ, ನಾಳೆ ಕೊನೇ ದಿನ. ನಿಮ್ಮ ಮಿಷಿನ್ನಿನ ಪ್ರಶ್ನೆ ಇದು.”

“ಗೊತ್ತು ಸರ್. ಆದ್ರೂ ಅದು ನನ್ನದಲ್ಲ. ನಿಮ್ಮದೂ ಅಲ್ಲ.”

ಕಂತಣ್ಣನಿಗೆ ಮತ್ತೆ ಫೋನಾಯಿತು. “ಬಿಚ್ಚಿ ಅಕ್ಕ, ನಾನು ಹೇಳ್ತಿದ್ದೀನಲ್ಲ!” ಅಂದ.

“ಫೋನಲ್ಲಿ ನಾನು ಯಾರ ಜೇಬೂ ಬಿಚ್ಚಲ್ಲಪ್ಪ. ನೀವೇ ಬನ್ನಿ.”

“ನಿನಗೇನು ತಲೆ ಕೆಟ್ಟಿದೆಯೇನೇ?” ಎಂದು ಅತ್ತೆ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಸೂಜಿ ಬಾಯಲ್ಲಿ ಕಚ್ಚಿಕೊಂಡು ಒಂದು ಗಳಿಗೆ ಯೋಚಿಸಿದರು. “ಇಲ್ಲ, ಅವಳು ಹೇಳೋದೇ ಸರಿ. ನಾವು ಬಿಚ್ಚಿದ್ರೆ, ನಿನ್ನೆ ನಾವೇ ಬರೆದು ಒಳಗೆ ತುರುಕಿದ್ವಿ ಅಂತೀರಾ ನೀವು. ಅವನೇ ಬರಲಿ. ಬಸ್ ಚಾರ್ಜು ನಿಮ್ಮದು.”

ಏಳನೇ ದಿನ ಬೆಳಿಗ್ಗೆ ಹತ್ತೂವರೆಗೆ ಕಂತಣ್ಣ ಬಸ್ಸಿಳಿದು ಬಂದ. ಮ್ಯಾನೇಜರು ಆಗಲೇ ಬಂದು ಗಿರಾಕಿಗಳ ಸ್ಟೂಲಿನಲ್ಲಿ ಕೂತಿದ್ದ, ಹೆಗಲ ಮೇಲೆ ಸುಣ್ಣದ ಪುಡಿ. ಮಿಷಿನ್ನು ಹೊರಲು ಬಂದ ಇಬ್ಬರು ಹೊರಗೆ ಟೆಂಪೋದಲ್ಲಿ ಕಾಯುತ್ತಿದ್ದರು, ಈ ಸಲ ಟೇಪು ತಂದಿದ್ದರು. ಬೀಗದಣ್ಣ ಏನೋ ಕೆಲಸವಿದ್ದವನಂತೆ ಬಾಗಿಲಿಗೆ ಒರಗಿ ನಿಂತಿದ್ದ. ರಸೀದಿ ಇಲ್ಲದ ಕಂತಣ್ಣನಿಂದ ಜೇಬಿನ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಜಿಪ್ಪಕ್ಕ ಜರ್ಕಿನ್ನು ಇಳಿಸಿ ಅವನ ಕೈಗಿತ್ತಳು.

ಅವನು ಕವರು ಹರಿದ. ಹಲ್ಲು ಮುರಿದ ಬಾಚಣಿಗೆ. ಕರಗಿ ಒಂದಕ್ಕೊಂದು ಅಂಟಿ ಒಂದೇ ಆಗಿದ್ದ ಎರಡು ಕೆಮ್ಮಿನ ಮಿಠಾಯಿ. ಮಡಿಸಿದ ಕಾಗದ. ಅರ್ಧ ಬಿಚ್ಚಿದ ಕೂಡಲೇ ಅವನ ಮುಖ ಬಿಳುಚಿಕೊಂಡಿತು. ಅದನ್ನು ಮತ್ತೆ ಮಡಿಸಿದ. ಮ್ಯಾನೇಜರನ್ನು ನೋಡಿದ, ಬಾಗಿಲು ನೋಡಿದ. ಕೊಟ್ಟರೆ ಹನ್ನೊಂದು ತಿಂಗಳ ತಪ್ಪು ತನ್ನ ಕೊರಳಿಗೆ. ‘ಬೇರೆ ಏನೋ ಬಿಲ್ಲು ಸರ್’ ಎಂದು ಜೇಬಿಗೆ ಹಾಕಿಕೊಂಡರೆ ಯಾರೂ ಏನೂ ಮಾಡುವ ಹಾಗಿರಲಿಲ್ಲ, ಯಾಕೆಂದರೆ ಒಳಗೇನಿದೆ ಎಂದು ಓದಿದವರೇ ಇರಲಿಲ್ಲ.

“ಅಕ್ಕ, ನೀವು ಇದನ್ನ ಓದ್ಲೇ ಇಲ್ವಾ? ಹನ್ನೊಂದು ತಿಂಗಳು?”

“ನಿಮ್ಮ ಜೇಬಿನದಲ್ವಾ? ನಿಮ್ಮ ಕೈಗೆ ಕೊಟ್ಟಿದ್ದೀನಿ. ಇನ್ನು ನಿಮ್ಮಿಷ್ಟ.” ಅವಳ ಕೈ ಮಿಷಿನ್ನಿನ ಚಕ್ರದ ಮೇಲಿತ್ತು.

ಅತ್ತೆ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದ್ದರು. ಬೀಗದಣ್ಣ ಬಾಗಿಲಿಂದ ಕತ್ತು ಚಾಚಿದ.

ಕಂತಣ್ಣ ಕಾಗದವನ್ನು ಪೂರ್ತಿ ಬಿಚ್ಚಿ, ಮೊಣಕಾಲ ಮೇಲೆ ಸವರಿ ನೇರ ಮಾಡಿ, ಮ್ಯಾನೇಜರಿಗೆ ಕೊಟ್ಟ. “ಸರ್, ಮೂರೂ ಸೈನ್ ಇದೆ. ತಾರೀಕೂ ಇದೆ. ತಪ್ಪು ನನ್ನದು.”

ಮ್ಯಾನೇಜರು ಫಾರ್ಮಿನ ತಾರೀಕು ನೋಡಿದ, ಜೇಬಿನ ಪುಸ್ತಕದ ತಾರೀಕು ನೋಡಿದ, ಸೀಲಿನ ಕಾಗದಗಳನ್ನು ಇನ್ನೊಮ್ಮೆ ಓದಿದ. ಇನ್ನೊಮ್ಮೆ ಎಂದೆ, ಮೊದಲ ಸಲ ಎಂದು ಓದಿಕೊಳ್ಳಿ. ಹೊರಗೆ ಹೋಗಿ ಟೆಂಪೋದವರನ್ನು ಕಳಿಸಿದ. ದಂಡ, ದಂಡದ ಬಡ್ಡಿ, ಬಾರದ ಪತ್ರದ ಖರ್ಚು ಎಲ್ಲಕ್ಕೂ ಅಡ್ಡಗೆರೆ ಎಳೆದು, ಕಂಪನಿಯಿಂದಲೇ ತಡವಾಗಿದೆ ಎಂದು ಬರೆದು ಸಹಿ ಹಾಕಿದ. ಮಧ್ಯಾಹ್ನದೊಳಗೆ ಪಾಸ್‌ಬುಕ್ಕಿನಿಂದ ಹನ್ನೊಂದು ಕಂತೂ ಹೋಯಿತು. ಮಿಷಿನ್ನು ಕದಲಲಿಲ್ಲ.

ಹೋಗುವ ಮುಂಚೆ ಮ್ಯಾನೇಜರು ತಲೆ ಕೆರೆದುಕೊಂಡ. “ಅಮ್ಮ, ಈ ಖಾತೇಲಿ ನಮ್ಮ ಕಂತಿಗೆ ಬಂದ ಬಡ್ಡಿ ಸ್ವಲ್ಪ ಉಳಿದಿದೆಯಲ್ಲ, ಅದು ನಿಯಮದ ಪ್ರಕಾರ ಯಾರಿಗೆ...”

“ಅದು ಕಾವಲು ಕೂಲಿ,” ಅಂದರು ಅತ್ತೆ, ತಲೆಯೆತ್ತದೆ.

ಕಂತಣ್ಣ ಜರ್ಕಿನ್ನು ತೊಟ್ಟು ಜಿಪ್ಪು ಮೇಲೆ ಕೆಳಗೆ ಎಳೆದು ನೋಡಿ, “ಎಷ್ಟು ಕೊಡ್ಲಿ ಅಕ್ಕ? ಹನ್ನೊಂದು ತಿಂಗಳು ಇಟ್ಟುಕೊಂಡಿದ್ದೀರಿ,” ಅಂದ. ಹನ್ನೊಂದು ತಿಂಗಳ ಹಿಂದೆ ಒಂದು ರನ್ನರು ಹಾಕಲು ಎಷ್ಟಿತ್ತೋ ಅಷ್ಟೇ ತೆಗೆದುಕೊಂಡಳು. ತಡಕ್ಕೆ ದಂಡವಿಲ್ಲ, ಬಾಡಿಗೆಯಿಲ್ಲ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗೆ ಗೊತ್ತಿಲ್ಲದ ಒಂದು ಲೆಕ್ಕ ಮೆಟ್ಟಿಲ ಕೆಳಗಿನ ಹೆಂಗಸಿಗೆ ಗೊತ್ತಿತ್ತು. ಆ ಕಂಪನಿ ಮುಂದೆ ಕಂತಣ್ಣನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟಿತು. ಅದನ್ನೂ ಅವನು ಮಡಿಸಿ ಅದೇ ಒಳಜೇಬಿಗೆ ಹಾಕಿಕೊಂಡನಂತೆ.

ಉಳಿದ ಕಾವಲು ಕೂಲಿಯಲ್ಲಿ ಫ್ರಿಜ್ಜು ಬರುವ ಹಾಗಿರಲಿಲ್ಲ. ಅತ್ತೆಗೆ ಹಿಂದೆ ಒರಗುವ ಒಂದು ಕುರ್ಚಿ ಬಂತು. “ಗುಂಡಿ ಹಾಕೋಳಿಗೆ ಒರಗೋದಕ್ಕೆ ಎಲ್ಲಿ ಪುರುಸೊತ್ತು?” ಎಂದು ಗೊಣಗುತ್ತಾ ಅವರು ಅದರಲ್ಲಿ ಒರಗಿಯೇ ಕೂತಿರುತ್ತಾರೆ.

ಇದನ್ನು ಓದಿ ‘ಪಾಪ, ಒಳ್ಳೇ ಹೆಂಗಸು’ ಎಂದು ಪುಟ ಮಗುಚುವವರಿಗಾಗಿ ನಾನು ಬರೆದಿಲ್ಲ. ನಿಮ್ಮದೂ ಒಂದು ಸಾಲ ಇದೆ. ಎದ್ದೇಳಿ. ಪಾಸ್‌ಬುಕ್ಕು ತೆಗೆಯಿರಿ. ಕಳೆದ ತಿಂಗಳ ಕಂತು ಹೋಗಿದೆಯಾ ಎಂದು ಬೆರಳಿಟ್ಟು ನೋಡಿ. ಹೋಗಿಲ್ಲದಿದ್ದರೆ ಆ ದುಡ್ಡನ್ನು ನಿಮ್ಮ ಕೈಗೆ ಸುಲಭವಾಗಿ ಸಿಗದ ಕಡೆ ಇಡಿ, ಎರಡು ಪ್ರತಿ ಕಾಗದ ಬರೆಯಿರಿ, ನಾಳೆ ಬೆಳಿಗ್ಗೆ ಆ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ. ನಿಮ್ಮ ಪ್ರತಿಯ ಮೇಲೆ ಸೀಲು ಬೀಳುವವರೆಗೆ ಆ ಕೌಂಟರು ಬಿಟ್ಟು ಕದಲಬೇಡಿ.